ಅವ್ವ ಗುರುತು ಹಿಡಿದ ಗದ್ದ

ಬೆಟಗೇರಿ, ಫೆಬ್ರುವರಿ ೧೧, ಮಂಗಳವಾರ

ಅವ್ವ ಮಲಗ್ಯಾಳ. ನನಗ ನಿದ್ದಿ ಬರವಲ್ದು.

ಇವತ್ತು ಗದಗಿನ ಡಾಕ್ಟ್ರು ಕೆಳಗಿನ ಹಲ್ಲು ಕೂಡಿಸಿದ್ರು. ಹಲ್ಲು ಹೋಗಿ ಭಾಳ ವರ್ಷ ಆಗಿ, ದವಡಿ ಎಲುಬು ಸವದು ಗಿಡ್ಡ ಆಗಿತ್ತು. ಹೋದ ವರ್ಷ ನನ್ನ ಟೊಂಕದ ಎಲುಬಿನ ತುಣುಕು ತಗದು ಅಲ್ಲಿಟ್ಟು ಎತ್ತರ ಮಾಡಿದ್ರು. ಅದು ಗಟ್ಟಿ ಕೂಡಿದ ಮ್ಯಾಲ ಈಗ ಹಲ್ಲು.

"ನೋಡ್ಕೋರಿ ಕಸ್ತೂರವ್ವಾರ, ಒಳಗ ಹೋಗಿದ್ದ ಮಾರಿ ಹೊರಗ ಬಂತು" ಅಂತ ಕನ್ನಡಿ ಕೊಟ್ರು.

ಕನ್ನಡಿಯೊಳಗ ಗಂಗಕ್ಕ ಇದ್ದಳು. ಹಿರೇವಡ್ಡಟ್ಟಿ ಹೊಲದಾಗ ಹಾವು ಕಡದು ಸತ್ತ ನನ್ನ ಅಕ್ಕ. ನಾನು ನಕ್ಕರ ಆಕಿನೂ ನಕ್ಕಳು.

ಮನಿಗೆ ಬಂದು ಅವ್ವನ ಮುಂದ ಕುಂತೆ. ಅವ್ವಗ ಕಣ್ಣು ಕಾಣೂದಿಲ್ಲ, ಮಾರಿ ಮುಟ್ಟಿ ಗುರುತು ಹಿಡೀತಾಳ. ಗದ್ದದ ಮ್ಯಾಲ ಬೆರಳು ಆಡಿಸಿದಾಕಿ ಅಲ್ಲೇ ನಿಂದ್ರಿಸಿದಳು.

"ಗಂಗೀ, ಬಂದ್ಯೇನ?"

"ಅವ್ವಾ, ನಾನು ಕಸ್ತೂರಿ."

"ಸುಳ್ಳು ಹೇಳಬ್ಯಾಡ. ಕಸ್ತೂರಿ ಮುಂಜಾನೆ ದವಾಖಾನಿಗೆ ಹೋದಾಕಿ ಬರಲೇ ಇಲ್ಲ. ನೀ ಬಂದಿ ಅಂದ್ರ ಆಕಿ ಹೋದಂಗ."

ಆಮ್ಯಾಲ ನನ್ನ ಹೆಸರು ಹಿಡದು ಅಳಾಕ ಹತ್ತಿದಳು, ಹೆಣದ ಮುಂದ ಕುಂತು ಅಳೂ ಹಂಗ, ನನ್ನ ಒಂದೊಂದು ಗುಣ ಎತ್ತಿ. ಬದುಕಿದ್ದಾಗ ಒಂದೂ ಹೇಳಿರಲಿಲ್ಲ. ನಾನು ತಡೀಲಿಲ್ಲ. ಕೇಳಕೋತ ಕುಂತೆ.

ಅತ್ತು ಮುಗಿದ ಮ್ಯಾಲ ಸಮಾಧಾನದಿಂದ ಹೇಳಿದಳು, "ಗಂಗೀ, ಕಸ್ತೂರಿ ಹಾಸಿಗಿ ಸುತ್ತಿ ಹೊರಗಿಡು. ಹೋದವರದು ಒಳಗ ಇರಬಾರದು."

ಸುತ್ತಿ ಹೊರಗ ಇಟ್ಟು ಬಂದೆ. ಈಗ ತರೂನು ಅಂತ ಬಾಗಲ ತನಕ ಹೋಗತೀನಿ, ಕೈ ಮುಂದ ಹೋಗವಲ್ದು.