ಸಂಧ್ಯಾರಾಣಿಯ ನಾಲ್ಕು ವಾಕ್ಯ

ಸಂತೇಬೆನ್ನೂರು
9-2-2025

ಗೆಳೆಯ ಮರುಳಪ್ಪನಿಗೆ ಮಲ್ಲಿಕಾರ್ಜುನಪ್ಪನ ಶರಣಾರ್ಥಿ.

ಇಲ್ಲಿ ಎಲ್ಲರೂ ಆರೋಗ್ಯ. ಜಗಳೂರಿನ ಡಾಕ್ಟರ ಮಾತ್ರೆಗೆ ನಿನ್ನ ಮಂಡಿನೋವು ಬಗ್ಗಿತೋ ಇಲ್ಲವೋ? ನಮ್ಮ ಮೊಮ್ಮಗಳನ್ನು ನೋಡಲು ಹೊನ್ನಾಳಿಯವರು ಬಂದು ಹೋಗಿ ವಾರವಾಯಿತು. ತಡವಾಗಿ ಬರೆಯುತ್ತಿದ್ದೇನೆ, ಬೈಯಬೇಡ. ಫೋನಿನಲ್ಲಿ ಹೇಳೋಣವೆಂದರೆ ನೀನು ನಡುವೆ ಬಾಯಿ ಹಾಕುತ್ತೀಯ.

ನೀನು ತೋರಿಸಿದ ಸಂಬಂಧ ಮುರಿಯಿತು. ಮುರಿದವನು ನಾನೇ. ಬೇರೆಯವರು ಹೇಳುವ ಮೊದಲು ತಿಳಿದುಕೋ.

ಹುಡುಗ ಸಿದ್ದಲಿಂಗೇಶನ ಮೇಲೆ ನನಗೆ ದೂರಿಲ್ಲ. ಹಿಂದೆ ಬಂದ ಗಂಡುಗಳಿಗೆಲ್ಲ ಮುಖ ತಿರುಗಿಸಿದ ಸಂಧ್ಯಾರಾಣಿ ಇವನಿಗೆ ತಾನಾಗಿ ಹೂಂ ಅಂದಿದ್ದಳು. ತಕರಾರು ಬಂದದ್ದೆಲ್ಲ ಅವನ ದೊಡ್ಡಪ್ಪನಿಂದ. ನಮ್ಮ ಕಾಲದಲ್ಲಿ ಹೆಣ್ಣಿಗೆ ಹಾಡು ಹೇಳಿಸುತ್ತಿದ್ದರು, ನಡೆಸಿ ನೋಡುತ್ತಿದ್ದರು. ಈ ಮನುಷ್ಯ ಮಂಡಕ್ಕಿ ಮುಕ್ಕುತ್ತ ಇಂಗ್ಲಿಷ್ ಪರೀಕ್ಷೆಗೆ ಇಳಿದ.

“ರನ್ ಅಂತ ಒಂದು ಪದ ಐತಮ್ಮ. ಬೇರೆ ಬೇರೆ ಅರ್ಥ ಬರಂಗೆ ನಾಲ್ಕು ವಾಕ್ಯ ಮಾಡು ನೋಡಾನ. ಕನ್ನಡದಾಗೂ ಹೇಳು, ನಿಮ್ಮಜ್ಜಗೂ ತಿಳೀಲಿ.”

ಕೂತವರೆಲ್ಲ ನಕ್ಕರು. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನೆಂದು ಅವನ ಕಿವಿಗೆ ಹಾಕಿದವನು ನೀನೇ ಇರಬೇಕು.

ನಾಯಿ ಓಡುತ್ತದೆ ಅಂತ ಒಂದು ಹೇಳಿದಳು. ನಮ್ಮಪ್ಪ ಗೊಬ್ಬರದ ಅಂಗಡಿ ನಡೆಸುತ್ತಾರೆ ಅಂತ ಇನ್ನೊಂದು. ಅದಕ್ಕೂ ರನ್ನೇ ಅಂತೆ. ಆಮೇಲೆ ಮಾತು ನಿಂತಿತು. ಸೆರಗಿನ ಅಂಚು ಹಿಡಿದು ತಲೆ ತಗ್ಗಿಸಿದಳು. ದೊಡ್ಡಪ್ಪ ಎರಡು ಬೆರಳು ಮಡಚಿ, ಮೂರನೆಯದನ್ನು ಹಿಡಿದುಕೊಂಡು ಕಾಯುತ್ತಿದ್ದ. ನನಗೆ ನೋಡಲಾಗಲಿಲ್ಲ.

“ಅಲ್ರೀ, ಸೊಸೆ ಕೇಳಾಕೆ ಬಂದೀರೋ, ಮೇಷ್ಟ್ರನ್ನ ಹುಡುಕಾಕೆ ಬಂದೀರೋ? ಸಂತೆಯಾಗೆ ಎಮ್ಮೆ ಹಲ್ಲು ನೋಡ್ದಂಗೆ ನೋಡ್ತೀರಲ್ಲ. ಎದ್ದೇಳ್ರಿ,” ಅಂದೆ.

“ಮಾವ, ಸುಮ್ನಿರ್ರಿ,” ಅಂತ ಸೊಸೆ ನಿರ್ಮಲಮ್ಮ ಒಳಗಿಂದ ಅಂದಳು.

“ಇದೆಲ್ಲ ಬ್ಯಾಡ ದೊಡ್ಡಪ್ಪ ಅಂತ ದಾರಿಯಾಗೇ ಹೇಳಿದ್ದೆ,” ಅಂತ ಹುಡುಗ ಗೊಣಗಿದ.

ದೊಡ್ಡಪ್ಪ ಟವೆಲ್ ಕೊಡವಿಕೊಂಡು ಎದ್ದ. “ಹುಡುಗೀಗೆ ಬರಾಕಿಲ್ಲ ಅಂದ್ರೆ ಬರಾಕಿಲ್ಲ ಅನ್ರಿ ಯಜಮಾನ್ರೆ, ಅದಕ್ಯಾಕೆ ಸಿಟ್ಟು?”

ಹೋದರು. ಅಂದಿನಿಂದ ಮನೆಯಲ್ಲಿ ಕರೆದರೆ ಓ ಅನ್ನುತ್ತಾರೆ, ಅಷ್ಟೇ. ಹೊನ್ನಾಳಿಗೆ ಹೋಗಿ ಕೈಮುಗಿಯುವವನು ನಾನಲ್ಲ. ನಿನ್ನ ಹೆಸರಿಗೆ ಮಾತು ಬಂದಿದ್ದರೆ ಅದೊಂದೇ ಬೇಸರ.

ನಿನ್ನ ಮನೆಮಂದಿಗೆಲ್ಲ ಒಳ್ಳೆಯದಾಗಲಿ. ಮಂಡಿಗೆ ಎಣ್ಣೆ ತಿಕ್ಕಿಸಿಕೋ, ಸೋಮಾರಿ.

ನಿನ್ನ
ಮಲ್ಲಿಕಾರ್ಜುನಪ್ಪ

ವಿ.ಸೂ.: ನಿನ್ನೆ ರೊಟ್ಟಿ ಹಾಕಲು ಬಂದ ಸಂಧ್ಯಾರಾಣಿಗೆ, “ಬರದಿದ್ರೆ ಹೋಗ್ಲಿ ಬಿಡವ್ವ, ಆ ಇಂಗ್ಲಿಷ್ ಯಾರಿಗೆ ಬೇಕು,” ಅಂದೆ. “ಇನ್ನೂ ಐದು ಬರ್ತಿದ್ವು ಅಜ್ಜ. ಯಾವೆರಡು ಹೇಳ್ಲಿ ಅಂತ ಆರಿಸ್ತಿದ್ದೆ,” ಅಂದಳು. ಹುಡುಗನ ಫೋನ್ ನಂಬರ್ ಕಳಿಸು. ದೊಡ್ಡಪ್ಪನದು ಬೇಡ.