ಸುಟ್ಟ ಬೆಟ್ಟದ ಮೇಲಿನ ಮನೆ

ಅತ್ತಿಗೆ ಮಂಗಳಗೌರಿಯವರಿಗೆ ನಂಜುಂಡೇಶನ ಶರಣು.

ಫೋನಲ್ಲಿ ನೀವು ಅತ್ತರೆ ನನಗೆ ಮಾತು ಹೊರಡಲ್ಲ, ಅದಕ್ಕೇ ಬರೀತಿದ್ದೀನಿ. ಅಣ್ಣನನ್ನು ಬೆಟ್ಟದ ಬುಡದಲ್ಲೇ ಮಣ್ಣು ಮಾಡಿದ್ದಾರೆ. ನೀವು ಕೊಟ್ಟು ಕಳಿಸಿದ ವಿಭೂತಿಯನ್ನು ಸಮಾಧಿ ಮೇಲೆ ಇಟ್ಟೆ.

ಈ ದ್ವೀಪದಲ್ಲಿ ಹವಾಮಾನದ ಮೆಷಿನ್ ನೋಡಿಕೊಳ್ಳೋರನ್ನ ಬಿಟ್ಟರೆ ಯಾರೂ ಇಲ್ಲ. ಸುತ್ತ ಮರಳು, ನಡುವೆ ಯಾವ ಕಾಲದಲ್ಲೋ ಬೆಂಕಿ ಉಗುಳಿದ ಕರೀ ಬೆಟ್ಟ. ಅದಕ್ಕೆ ದಾರಿಯಿಲ್ಲ, ಗುರುತೂ ಇಲ್ಲ. ರಜೆಯ ಸೋಮವಾರ ಅಣ್ಣ ಒಬ್ಬನೇ ಯಾಕೆ ಹತ್ತಿದ ಅಂತ ಇವರಿಗೂ ಗೊತ್ತಿಲ್ಲ. ಬೇಕು ಅಂತಲೇ ಹೋಗಿ ಜೀವ ಕಳ್ಕೊಂಡ ಅಂತ ಹುಲ್ಲಹಳ್ಳೀಲಿ ಜನ ಆಡ್ಕೊಳ್ತಿರೋದು ನನ್ನ ಕಿವಿಗೂ ಬಿದ್ದಿದೆ.

ಅದಕ್ಕೇ ನಿನ್ನೆ ನಾನೂ ಹತ್ತಿದೆ. ಕಾಲಿಟ್ಟ ಕಡೆಯೆಲ್ಲ ಸುಟ್ಟ ಕಲ್ಲು ಜಾರುತ್ತೆ. ಅಣ್ಣನ ಜೊತೆ ಕೆಲಸ ಮಾಡ್ತಿದ್ದ ವರ್ಗೀಸ್ ತುದೀಲಿ ಒಂದು ಕಲ್ಲಿನ ಗುಪ್ಪೆ ತೋರಿಸಿ, ಯಾರೋ ದಾರಿಗೆ ಗುರುತು ಇಟ್ಟಿದ್ದಾರೆ ಅಂದ. ನನಗೆ ನೋಡಿದ ಕೂಡಲೇ ತಿಳೀತು. ಮಾದಪ್ಪನ ಬೆಟ್ಟಕ್ಕೆ ನಡ್ಕೊಂಡು ಹೋದಾಗ, ಮನೆ ಆಗಲಿ ಅಂತ ಬೇಡ್ಕೊಂಡು ಕಲ್ಲಿನ ಮೇಲೆ ಕಲ್ಲು ಜೋಡಿಸ್ತೀವಲ್ಲ, ಹಾಗೇ ಇತ್ತು. ಕೆಳಗೊಂದು ಮನೆ, ಮೇಲೊಂದು ಮಹಡಿ. ಪಕ್ಕದಲ್ಲಿ ನೀವು ಕೇಳಿದ್ದ ಕೊಟ್ಟಿಗೆ.

ಅವನು ಜಾರಿದ್ದು ಅದನ್ನು ಕಟ್ಟಿ ಮುಗಿಸಿ ಇಳಿಯುವಾಗ, ಅತ್ತಿಗೆ.

ನಾನು ಒಂದು ಕಲ್ಲನ್ನೂ ಮುಟ್ಟಲಿಲ್ಲ. ನೀವೂ ಸೈಟಲ್ಲಿ ತೆಗೆಸಿರೋ ಪಾಯ ಮುಚ್ಚಿಸಬೇಡಿ. ನಾನು ಬರೋವರೆಗೆ ಅದಕ್ಕೆ ನಾಲೆ ನೀರು ನುಗ್ಗದ ಹಾಗೆ ನೋಡ್ಕೊಳ್ಳಿ.

ನಿಮ್ಮ ಮೈದುನ,
ನಂಜುಂಡೇಶ