ಎರಡನೇ ಬೈರಪ್ಪ

ಮಾರ್ಚ್ 24, ಭಾನುವಾರ

ಬೆಳಗ್ಗೆಯಿಂದ ಮೂರು ಫ್ಲೆಕ್ಸ್. ಒಂದು ಹುಟ್ಟುಹಬ್ಬ, ಒಂದು ಹೊಸ ಬೇಕರಿ, ಒಂದು ತಿಥಿ. ತಿಥಿಯದಕ್ಕೆ ಬರೆದದ್ದು — 'ನಗುತ್ತಾ ಇದ್ದಿರಿ ನಿನ್ನೆ, ಇಂದು ಖಾಲಿ ಮನೆ.' ಮನೆಯವರು ಅತ್ತುಬಿಟ್ಟರು. ಪ್ರಾಸ ಅಷ್ಟೇನೂ ಕೂತಿರಲಿಲ್ಲ.

ಸಂಜೆ ಆಂಡರ್ಸನ್‌ಪೇಟೆಯ ನನ್ನ ಅಂಗಡಿಗೆ ಗಿರಾಕಿ ಇಲ್ಲ. ಪದ್ಯಚರಿತ್ರೆ ತೆಗೆದೆ. ಕೋಲಾರ ಲೋಕಸಭಾ ಕ್ಷೇತ್ರದ ಕಥೆ, ಮೊದಲ ಚುನಾವಣೆಯಿಂದ ಇವತ್ತಿನವರೆಗೆ, ಪೂರಾ ಪ್ರಾಸದಲ್ಲಿ. ಎಪ್ಪತ್ತೇಳರ ಚುನಾವಣೆಗೆ ಬಂದಿದ್ದೇನೆ. ದೆಹಲಿ ಕಡೆ ಗಾಳಿ ತಿರುಗಿತು, ನಮ್ಮಲ್ಲಿ ಎಲೆಯೂ ಅಲ್ಲಾಡಲಿಲ್ಲ. 'ಉತ್ತರದಲ್ಲೆಲ್ಲ ಬಿರುಗಾಳಿ, ಕೋಲಾರದಲ್ಲಿ ಹಳೇ ಪಾಳಿ.' ಪರವಾಗಿಲ್ಲ. ಮುಂದೆ ಒಬ್ಬರೇ ಏಳು ಸಲ ಗೆದ್ದ ಕಾಲ ಬರುತ್ತೆ. ಏಳಕ್ಕೂ ಬೇರೆ ಬೇರೆ ಪ್ರಾಸ ಎಲ್ಲಿಂದ ತರಲಿ? ಮತದಾರರಿಗೆ ಕವಿಗಳ ಕಷ್ಟ ಗೊತ್ತಿಲ್ಲ.

ಅಚ್ಚು ಹಾಕಿಸೋರೂ ಯಾರೂ ಇಲ್ಲ.

ಮಾರ್ಚ್ 27

ರವಿಶಂಕರ್ ಬಂದಿದ್ದ. ಬಂಗಾರಪೇಟೆಯಲ್ಲಿ ಪಕ್ಷದ ಕೆಲಸ ನೋಡಿಕೊಳ್ಳೋನು. ಸ್ಟೂಲ್ ಒರೆಸಿಕೊಂಡು ಕೂತ.

"ಕವಿಗಳೇ, ಒಬ್ಬ ಬೈರಪ್ಪ ಬೇಕಾಗಿತ್ತು."

ಎದುರು ಪಕ್ಷದ ಕ್ಯಾಂಡಿಡೇಟ್ ಹೆಸರು ಬೈರಪ್ಪ. ಅದೇ ಹೆಸರಿನ ಇನ್ನೊಬ್ಬನನ್ನು ಪಕ್ಷೇತರ ನಿಲ್ಲಿಸೋದು. ಅವಸರದವರು, ಕಣ್ಣು ಮಂಜಾದವರು, ಓದು ಬಾರದವರು ತಪ್ಪು ಬಟನ್ ಒತ್ತುತ್ತಾರೆ. ಹಳೇ ಆಟ. ಇಂಥವರು ಚರಿತ್ರೆಯಲ್ಲಿ ಸಿಗೋದು 'ಇತರರು' ಅನ್ನೋ ಒಂದೇ ಸಾಲಿನಲ್ಲಿ.

"ಮೀಸಲು ಕ್ಷೇತ್ರ. ಜಾತಿ ಸರ್ಟಿಫಿಕೇಟ್ ಇರಬೇಕು. ಬಾಯಿ ಇರಬಾರ್ದು."

ಇದ್ದಾರಲ್ಲ ಮನೆಯಲ್ಲೇ. ಅಶ್ವತ್ಥಕ್ಕನ ಗಂಡ. ಬಂಗಾರಪೇಟೆ ಆಚೆ ಹಳ್ಳಿಯಲ್ಲಿ ಕುರಿ ಮೇಯಿಸೋ ನಮ್ಮ ಬೈರಪ್ಪ ಭಾವ.

"ನಿಮ್ಮ ಪುಸ್ತಕ ನಾವು ಪ್ರಿಂಟ್ ಹಾಕಿಸ್ತೀವಿ. ಸ್ಟೇಜು, ಶಾಲು, ಹಾರ... ಎಲ್ಲಾ."

ಒಂದು ಶಾಲಿಗೆ ಒಬ್ಬ ಭಾವ. ವ್ಯಾಪಾರ ತೀರಾ ಮೋಸವಲ್ಲ.

ಒಂದೇ ತೊಡಕು. ಭಾವನ ಮಗಳು ನವ್ಯಂಗೆ ಗಂಡು ಗೊತ್ತಾಗಿದೆ, ತಾಂಬೂಲ ಬದಲಾಗಿದೆ, ಜೂನ್‌ನಲ್ಲಿ ಮದುವೆ. ಹುಡುಗ ಬೂದಿಕೋಟೆ ಕಡೆಯ ರೂಪೇಶ್. ಅವನಪ್ಪ ಕೆಂಪಣ್ಣ ಆ ದೊಡ್ಡ ಬೈರಪ್ಪನ ಹಿಂದೆ ಇಪ್ಪತ್ತು ವರ್ಷದಿಂದ ಬಾವುಟ ಹಿಡಿದವರು.

ನೋಡೋಣ. ಕೆಂಪಣ್ಣ ಪೇಪರ್ ಓದಲ್ಲ.

ಮಾರ್ಚ್ 30

ಕೆರೆ ಅಂಗಳದಲ್ಲಿ ಸಿಕ್ಕರು ಭಾವ.

"ಭಾವ, ಎಂ.ಪಿ. ಎಲೆಕ್ಷನ್‌ಗೆ ನಿಲ್ತೀರಾ?"

"ಬೆಳಗ್ಗಿಂದ ನಿಂತೇ ಇವ್ನಿ ಕಣ್ಲಾ ಬಾಮೈದ. ಇನ್ನೆಂಗೆ ನಿಲ್ಲಾನ?"

ವಿವರಿಸಿದೆ. ಒಂದು ಸೈನು, ಒಂದು ಫೋಟೋ, ಆಮೇಲೆ ಮನೆಗೆ. ಹೆಸರು ಒಂದೇ ಅನ್ನೋದು ಹೇಳಲಿಲ್ಲ. ದೂರ ಹೋಗ್ತಿದ್ದ ಕುರಿಯೊಂದನ್ನ ಹೊಡೆದುಕೊಂಡು ಬಂದರು.

"ಪಂಚಾಯ್ತಿ ಮೆಂಬರ್‌ಗೂ ಯಾರೂ ನಿಲ್ಲು ಅಂದೋರಿಲ್ಲ ನಂಗೆ. ನೀನು ಓದ್ದೋನು, ಕೇಳ್ತಾ ಇದೀಯ... ಆಗ್ಲಿ."

ಅಕ್ಕ ಊಟಕ್ಕೆ ಬಡಿಸುತ್ತಾ, "ಏನೋ ಮಸಲತ್ತು ಐತೆ ಕಣ್ಲಾ ನಿಂದು" ಅಂದಳು.

"ಮಸಲತ್ತಲ್ಲಕ್ಕ, ದೌಲತ್ತು!"

ನಗಲಿಲ್ಲ. ಮುದ್ದೆ ಮಾತ್ರ ಹಾಕಿದಳು, ಇನ್ನೊಂದು.

ಏಪ್ರಿಲ್ 2

ಆರುಮುಗಂ ಸಲೂನ್. ದೊಡ್ಡ ಬೈರಪ್ಪನ ಪಾಂಪ್ಲೆಟ್ ಕನ್ನಡಿಗೆ ಸಿಕ್ಕಿಸಿ, ಅದನ್ನು ನೋಡಿಕೊಂಡು ಭಾವನ ಮೀಸೆ ತಿದ್ದಿದ. ಡೈ ಹಚ್ಚಿದ. ಓಟಿಂಗ್ ಮೆಷಿನ್ ಮೇಲೆ ಫೋಟೋ ಬರುತ್ತಲ್ಲ, ಅದಕ್ಕೆ.

"ಅಣ್ಣನ್ ತಂಬಿ ಮಾದಿರಿ ಇರುಕ್ಕು ಸಾರ್!" ಅಂದ. ಅಣ್ಣತಮ್ಮಂದಿರ ಹಾಗೇ ಇದ್ದಾರಂತೆ.

ಅಂಗಡಿಗೆ ಕರೆತಂದು, ನನ್ನ ಬಿಳಿ ಶರ್ಟ್ ತೊಡಿಸಿ ಫೋಟೋ ಹೊಡೆದೆ. ಸ್ಕ್ರೀನ್ ಮೇಲೆ ನೋಡಿ ಭಾವ ಮೀಸೆ ಸವರಿಕೊಂಡರು. ಆಮೇಲೆ ಮೆಲ್ಲಗೆ, "ಇದ್ನ ನಿಮ್ಮಕ್ಕಂಗೆ ಒಂದು ಕೊಡು" ಅಂದರು.

ಏಪ್ರಿಲ್ 4

ಕೋಲಾರ ಡಿ.ಸಿ. ಆಫೀಸು. ನಾಮಪತ್ರಕ್ಕೆ ಸೈನ್ ಹಾಕೋ ಸೂಚಕರನ್ನೆಲ್ಲಾ ರವಿಶಂಕರನೇ ಜೀಪಲ್ಲಿ ತುಂಬಿಕೊಂಡು ಬಂದಿದ್ದ. ಭಾವ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರು. ಅಲ್ಲಿ ಯಾರೂ ಚಪ್ಪಲಿ ಬಿಡೋದಿಲ್ಲ. ನಾನು ಹೇಳಲೂ ಇಲ್ಲ.

ಏಪ್ರಿಲ್ 7, ಭಾನುವಾರ

ಗೊತ್ತಾಗಿದೆ. ಕೆಂಪಣ್ಣ ನಿನ್ನೆ ಅಕ್ಕನ ಮನೆಗೆ ಬಂದು, ಕೊಟ್ಟ ನೀರೂ ಮುಟ್ಟದೆ, "ನಾಳಿದ್ದೊಳಗೆ ವಾಪಸ್ ತಗೊಂಡ್ರೆ ನೆಂಟ್ರು. ಇಲ್ದಿದ್ರೆ ನೀವ್ಯಾರೋ ನಾವ್ಯಾರೋ" ಅಂದು ಎದ್ದು ಹೋದರಂತೆ.

ಮಧ್ಯಾಹ್ನ ನವ್ಯ ಅಂಗಡಿಗೆ ಬಂದಳು. ನಾನು ಅವಳದೇ ಲಗ್ನಪತ್ರಿಕೆ ಡಿಸೈನ್ ಮಾಡ್ತಾ ಇದ್ದೆ.

"ಮಾಮ, ಅಪ್ಪಂಗೆ ವಾಪಸ್ ತಗೊಳ್ಳೋಕೆ ಹೇಳು. ನೀನು ಹೇಳಿದ್ರೆ ಕೇಳ್ತಾರೆ."

"ಅಪ್ಪ ಗೆಲ್ಲಲ್ಲ, ಮದುವೆ ನಿಲ್ಲಲ್ಲ."

"ಪ್ರಾಸ ಬೇಡ ಮಾಮ. ಹೇಳ್ತೀಯಾ ಇಲ್ವಾ?"

ಹೇಳ್ತೀನಿ ಅಂದೆ. ಪತ್ರಿಕೆಯ ಬಾರ್ಡರ್ ಬಳ್ಳಿದು ಇರಲಿ ಅಂದಳು. ನವಿಲು ಬೇಡವಂತೆ.

ಸಂಜೆ ರವಿಶಂಕರ್ ಫೋನ್. "ಪುಸ್ತಕದ ಕವರ್ ಯಾವ ಕಲರ್ ಮಾಡ್ಸೋಣ?"

ಏಪ್ರಿಲ್ 8

ಮಾರಿಕುಪ್ಪಂ ಟ್ರೈನಿನಲ್ಲಿ ಬೆಂಗಳೂರಿಗೆ ಹೊರಟೆ. ಬಂಗಾರಪೇಟೆಯಲ್ಲಿ ಭಾವ ಹತ್ತಿದರು. ಕೂರುವ ಮೊದಲೇ ಶುರು.

"ವಾಪಸ್ ತಕ್ಕೊಂಡ್ಬುಡಾನ ಕಣ್ಲಾ. ಮಗಳ ಬಾಳು. ಎಲ್ಲಿ ಸೈನ್ ಆಕ್ಬೇಕು?"

"ಬೆಂಗಳೂರಲ್ಲಿ ಭಾವ."

ಅದಕ್ಕೇ ಕರೆದೊಯ್ತಾ ಇದೀನಿ ಅಂತ ನಂಬಿದರು. ವಾಪಸ್ ತಗೊಳ್ಳೋದು ಕೋಲಾರದಲ್ಲಿ, ಮಧ್ಯಾಹ್ನ ಮೂರಕ್ಕೆ ಗಡುವು. ನಾವು ಮೂರಕ್ಕೆ ವಿಧಾನಸೌಧದ ಗೇಟಿನ ಎದುರು ಸೌತೆಕಾಯಿ ತಿನ್ನುತ್ತಿದ್ದೆವು.

"ನಾಳೆ ಯುಗಾದಿ ಅಲ್ವಾ, ಬೇಗ ಬಾಗಿಲು ಹಾಕಿದಾರೆ ಭಾವ."

ತಲೆ ಎತ್ತಿ ಕಟ್ಟಡ ನೋಡಿದರು. "ಇಲ್ಲೇನಾ ಕೂರೋದು ನಾನು?"

"ಇಲ್ಲ. ನಿಮ್ದು ಡೆಲ್ಲಿ."

ವಾಪಸ್ ಬರುವಾಗ ಕಿಟಕಿ ಕಡೆ ತಿರುಗಿ ಅಂದರು, "ತಪ್ಪಿಸ್ಕೊಳಾಕೆ ಆಗ್ಲಿಲ್ಲ ಅಂದ್ಮ್ಯಾಕೆ ಸರಿಯಾಗೇ ನಿಲ್ಲಾನ ಬಿಡು. ಕೆಂಪಣ್ಣಂಗೆ ನಾನೇ ಯೋಳ್ತೀನಿ."

ಏಪ್ರಿಲ್ 15

ರವಿಶಂಕರ್ ಕೆಂಡ. "ಏನ್ರೀ ನಿಮ್ಮ ಭಾವ! ಮನೆಮನೆಗೆ ಹೋಗಿ 'ನಾನು ಆ ಬೈರಪ್ಪ ಅಲ್ಲ, ಕುರಿ ಬೈರಪ್ಪ, ಸರಿಯಾಗಿ ನೋಡಿ ಒತ್ರಪ್ಪಾ' ಅಂತಾ ಇದಾನಂತೆ! ಬಾಯಿ ಇಲ್ದೋನು ಬೇಕು ಅಂದಿದ್ದೆ ತಾನೇ?"

ಹಳ್ಳಿಗೆ ಓಡಿದೆ. ನಿಜ. ಬೆಳಗ್ಗೆ ಕುರಿ, ಸಂಜೆ ಪ್ರಚಾರ. ಕೆಂಪಣ್ಣನ ಊರಲ್ಲೂ ಹೇಳಿ ಬಂದಿದ್ದಾರೆ. ಕೆಂಪಣ್ಣ ಬಾಗಿಲಿಗೆ ಬಂದು ಕೇಳಿಸಿಕೊಂಡರಂತೆ, ಬೈಯಲಿಲ್ಲವಂತೆ. ಭಾವನ ಮುಖ ಅರಳಿತ್ತು.

"ಭಾವ, ಪಕ್ಷೇತರರು ಓಟು ಕೇಳೋ ಹಾಗಿಲ್ಲ. ಕಾನೂನು."

"ಪೊಲೀಸ್ರು ಬತ್ತಾರಾ?"

"ಬರ್ತಾರೆ. ನವ್ಯನ ಮದುವೆ ಟೈಮಲ್ಲಿ ನೀವು ಒಳಗಿರ್ತೀರಿ."

ಜಗಲಿ ಮೇಲೆ ಕೂತುಬಿಟ್ಟರು. ಮೈಮೇಲೆ ನನ್ನ ಬಿಳಿ ಶರ್ಟು, ಇಸ್ತ್ರಿ ಸಮೇತ.

ರಾಜಕೀಯದಲ್ಲಿ ಸುಳ್ಳು ಹೇಳೋರಿಗೆ ಮೈಕ್ ಕೊಡ್ತಾರೆ. ನಿಜ ಹೇಳಿದ ಒಬ್ಬನೇ ಒಬ್ಬ ಕ್ಯಾಂಡಿಡೇಟನ್ನ ನಾನು ಜಗಲಿಗೆ ಕಟ್ಟಿಹಾಕಿ ಬಂದೆ. ಇದಕ್ಕೆ ಪ್ರಾಸ ಸಿಗಲಿಲ್ಲ.

ಏಪ್ರಿಲ್ 26

ಮತದಾನ. ಉರಿಗಾಂ ಕಡೆ ಕ್ಯೂ ಜೋರು, ಬಿಸಿಲು ಇನ್ನೂ ಜೋರು. ಮುಚ್ಚಿದ ಚಿನ್ನದ ಗಣಿ ಮತ್ತೆ ತೆರೀತೀವಿ ಅಂತ ಎಲ್ಲರೂ ಹೇಳಿದ್ದಾರೆ, ಪ್ರತಿ ಸಲದಂತೆ.

ಅಕ್ಕನಿಗೆ ಫೋನ್ ಮಾಡಿದೆ. "ಯಾರಿಗೆ ಹಾಕ್ದೆ?"

"ನನ್ ಮಗಳ ಮದ್ವೆಗೆ ಹಾಕ್ದೆ."

ಅಂದರೆ ದೊಡ್ಡ ಬೈರಪ್ಪನಿಗೆ. ಫೋನ್ ಇಟ್ಟಳು.

ಜೂನ್ 4, ರಾತ್ರಿ 8

ದೊಡ್ಡ ಬೈರಪ್ಪ ಸೋತರು. ಸ್ವಲ್ಪದರಲ್ಲಿ. ಆ ಸ್ವಲ್ಪಕ್ಕಿಂತ ಭಾವನ ಓಟು ಜಾಸ್ತಿ. ಸಾವಿರಗಟ್ಟಲೆ. ಟಿ.ವಿ.ಯಲ್ಲಿ ಒಬ್ಬ ನಗುತ್ತಾ, "ಈ ಬೈರಪ್ಪ ಯಾರು ಅಂತ ಆ ಬೈರಪ್ಪನಿಗೂ ಗೊತ್ತಿಲ್ಲ" ಅಂದ. ರವಿಶಂಕರ್ ಅಂಗಡಿ ಮುಂದೆಯೇ ಪಟಾಕಿ ಹಚ್ಚಿ ನನ್ನ ಬಾಯಿಗೆ ಮೈಸೂರ್‌ಪಾಕ್ ತುರುಕಿದ. ಚೆನ್ನಾಗಿತ್ತು.

ಜೂನ್ 6

ತಾಂಬೂಲ ವಾಪಸ್ ಬಂತು. ಕೆಂಪಣ್ಣ ತಾವು ಬರಲಿಲ್ಲ, ಆಳಿನ ಕೈಲಿ ಕಳಿಸಿದರು. ಹುಡುಗ ರೂಪೇಶ್ ನವ್ಯನ ಫೋನ್ ಎತ್ತುತ್ತಿಲ್ಲ. ಊರಲ್ಲಿ ಭಾವನ ಕುರಿಗಳನ್ನ ಕೆರೆ ಅಂಗಳಕ್ಕೆ ಬಿಡ್ತಾ ಇಲ್ಲ. ಎಲ್ಲಾ ನಮ್ಮವರೇ. ಒಬ್ಬ ನಮ್ಮವನು ಡೆಲ್ಲಿಗೆ ಹೋಗೋದನ್ನ ಇನ್ನೊಬ್ಬ ನಮ್ಮವನು ತಪ್ಪಿಸಿದ ಅಂತ ಸಿಟ್ಟು.

ಅಕ್ಕ ಫೋನಲ್ಲಿ ಬೈಯಲಿಲ್ಲ. "ಇನ್ಮೇಲೆ ಬರಬ್ಯಾಡ ಕಣೋ" ಅಂದಳು, ಅಷ್ಟೇ.

ಲಗ್ನಪತ್ರಿಕೆಯ ಬಳ್ಳಿ ಬಾರ್ಡರ್ ಚೆನ್ನಾಗಿತ್ತು. ರವಿಶಂಕರನ ಪಕ್ಷದಿಂದ ಗೆದ್ದ ಸಾಹೇಬರ ಅಭಿನಂದನಾ ಫ್ಲೆಕ್ಸ್‌ಗೆ ಹಾಕಿದೆ.

ಜೂನ್ 8

ಶಾಲು ಬಂದಿದೆ, ಬಣ್ಣ ಮೆರೂನ್. ರವಿಶಂಕರ್ ಕೊಟ್ಟ ಮಾತಿಗೆ ತಪ್ಪೋನಲ್ಲ. ಪುಸ್ತಕ ಬಿಡುಗಡೆ ಮುಂದಿನ ತಿಂಗಳು. ಪದ್ಯಚರಿತ್ರೆಯ ಕೊನೇ ಅಧ್ಯಾಯ ಮುಗಿಸಿದೆ. ಭಾವನ ಹೆಸರು ಹಾಕಲಿಲ್ಲ. ಇತರರು.

ಜೂನ್ 9, ಭಾನುವಾರ, ಮಧ್ಯಾಹ್ನ

ಭಾವ ಬಂದಿದ್ದಾರೆ. ಈಗ, ಎದುರಿಗೇ ಕೂತಿದ್ದಾರೆ. ಫ್ಲೆಕ್ಸಿನ ಮ್ಯಾಟರ್ ಟೈಪ್ ಮಾಡ್ತಾ ಇದೀನಿ ಅಂತ ತಿಳಿದಿದ್ದಾರೆ. ಅದೇ ಶರ್ಟು. ಕೂದಲ ಬುಡ ಬೆಳ್ಳಗಾಗಿದೆ. ಬೈಯೋಕೆ ಬಂದಿರಬೇಕು ಅಂದುಕೊಂಡೆ. ಅಲ್ಲ, ಫ್ಲೆಕ್ಸ್ ಬೇಕಂತೆ. ಮತ ಕೊಟ್ಟ ಮಹಾಜನರಿಗೆ ಧನ್ಯವಾದ. ಫೋಟೋ ಅದೇ ಇರಲಿ ಅಂತೆ.

"ಏಟು ಸಾವ್ರ ಜನ ಕಣ್ಲಾ! ನೀನು ಯೋಳಿದ್ಮ್ಯಾಕೆ ನಾನು ಬಾಯೇ ಬಿಡ್ಲಿಲ್ಲ. ಆದ್ರೂ ನನ್ನೇ ನೆಪ್ಪಿಟ್ಕೊಂಡು ಒತ್ತವ್ರೆ."

"ಹೌದು ಭಾವ."

"ಬಂಗಾರಪೇಟೆ ಬಸ್‌ಸ್ಟ್ಯಾಂಡಾಗೆ ಕಟ್ಟಾನ. ಕೆಳಗಡೆ ಸಣ್ಣಕ್ಷರದಾಗೆ ಇನ್ನೊಂದು ಮಾತು ಸೇರ್ಸು. ನಮ್ಮೂರೋರು ಬ್ಯಾಡ ಅಂದ್ರು, ಕೆಂಪಣ್ಣ ಬ್ಯಾಡ ಅಂದ. ಓಗ್ಲಿ. ಅಷ್ಟು ಸಾವ್ರ ಮನೆಯೋರು ನನ್ನ ನಂಬವ್ರಲ್ಲ... ಅವ್ರಾಗೆ ಒಂದು ಮನ್ಯಾಗಾದ್ರೂ ನವ್ಯಂಗೆ ಒಂದು ಗಂಡು ಇರಾಕಿಲ್ವಾ?"

ಕೀಬೋರ್ಡ್ ಮೇಲೆ ಕೈ ಇಟ್ಟಿದ್ದೇನೆ. ನನ್ನ ಮುಖವನ್ನೇ ನೋಡುತ್ತಿದ್ದಾರೆ.

"ಭಾವ, ಆ ಜನ ನಿಮಗೆ ಓಟು ಹಾಕಿದ್ದು ಆ ದೊಡ್ಡ ಬೈರಪ್ಪ ಅಂದ್ಕೊಂಡು," ಅಂದೆ.